ಟೈಫಾಯ್ಡ್ ಲಸಿಕೆ ಮಾಡೋ ಕೆಲಸ: ನನ್ನ ಅನುಭವ

ಒಣಗಿದ್ದಾಗ ಬೆಳ್ಳಗೆ ಅಕ್ಕಿ ಹಿಟ್ಟಿನ ಥರ ಇರುತ್ತೆ. ನೀರಿಗೆ ಹಾಕಿ ಒಂದು ರಾತ್ರಿ ಫ್ರಿಜ್‌ನಲ್ಲಿ ಬಿಟ್ರೆ ಬೆಳಗ್ಗೆ ಬೆಂಡೆಕಾಯಿ ಲೋಳೆ ಆಗಿರುತ್ತೆ, ಪಿಪೆಟ್‌ನಲ್ಲಿ ಎಳೆದ್ರೆ ನೂಲು ನೂಲಾಗಿ ಬರುತ್ತೆ. ಇದಕ್ಕೆ ವಿಐ ಅಂತಾರೆ. ಟೈಫಾಯ್ಡ್ ತರೋ ಸಾಲ್ಮೊನೆಲ್ಲಾ ಟೈಫಿ ಅನ್ನೋ ಬ್ಯಾಕ್ಟೀರಿಯಾ ತನ್ನ ಮೈಮೇಲೆ ಹೊದ್ಕೊಂಡಿರೋ ಸಕ್ಕರೆ ಹೊದಿಕೆ ಇದು, 1934ರಲ್ಲಿ ಫೆಲಿಕ್ಸ್ ಮತ್ತೆ ಪಿಟ್ ಅನ್ನೋರು ಗುರುತಿಸಿ, ರೋಗದ ಉಗ್ರತೆಗೆ ಇದೇ ಕಾರಣ ಅಂತ ಉಗ್ರತೆಗಿರೋ ವಿರುಲೆನ್ಸ್ (virulence) ಅನ್ನೋ ಇಂಗ್ಲಿಷ್ ಪದದ ಮೊದಲ ಎರಡು ಅಕ್ಷರಾನೇ ಹೆಸರಾಗಿ ಇಟ್ರು. ನನ್ನ ಕೆಲಸದ ಜೀವನದಲ್ಲಿ ಹೆಚ್ಚುಕಮ್ಮಿ 25 ವರ್ಷ ಈ ಲೋಳೆ ಹಿಂದೇನೇ ಹೋಯ್ತು. ಲಸಿಕೆ ಕಂಪನಿಗೆ ಸೇರ್ಬೇಕು ಅಂತಿರೋ ಹುಡುಗ್ರು ಹುಡುಗೀರು ನನ್ನನ್ನ ಕೇಳ್ತಾ ಇರ್ತಾರೆ, ಮೇಡಂ ಅಲ್ಲಿ ನಿಜವಾಗ್ಲೂ ಏನ್ ಮಾಡ್ತಾರೆ ಅಂತ. ಅವರಿಗೋಸ್ಕರ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ನಮ್ಮೂರು ರಾಣೆಬೆನ್ನೂರಿನ ಹತ್ರ. 1984ರಲ್ಲಿ ನನ್ನ ತಮ್ಮನಿಗೆ ಟೈಫಾಯ್ಡ್ ಆಯ್ತು, ಮೂರು ವಾರ ಜ್ವರ ಇಳೀಲೇ ಇಲ್ಲ, ಡಾಕ್ಟ್ರು ಕ್ಲೋರಾಂಫೆನಿಕಾಲ್ ಕ್ಯಾಪ್ಸೂಲ್ ಕೊಟ್ರು, ಅವ್ವ ಗಂಜಿ ಬಿಟ್ಟು ಬೇರೆ ಏನೂ ಕೊಡ್ತಿರ್ಲಿಲ್ಲ, ಜ್ವರ ಹೋದ್ಮೇಲೆ ತಿಂಗಳೊಪ್ಪತ್ತಿನಲ್ಲಿ ತಲೆಕೂದಲು ಮುಷ್ಟಿ ಮುಷ್ಟಿ ಉದುರಿ ಹೋಯ್ತು. ಆದ್ರೆ ಉಳ್ಕೊಂಡ. 1990ರ ಹೊತ್ತಿಗೆ ಪಕ್ಕದ ಮನೆಯ ಒಂದೂವರೆ ವರ್ಷದ ಹೆಣ್ಣುಮಗುಗೆ ಅದೇ ಜ್ವರ, ಅದೇ ಔಷಧಿ, ಆದ್ರೆ ಈ ಸಲ ಔಷಧಿ ನಾಟ್ಲಿಲ್ಲ. ಹುಬ್ಬಳ್ಳಿಗೆ ಕರ್ಕೊಂಡು ಹೋಗೋ ಹೊತ್ತಿಗೆ ಕರುಳು ತೂತಾಗಿತ್ತು. "ಅದ ಗುಳಿಗಿ ಆ ಹುಡುಗಂಗ ಹತ್ತಿತ್ತು, ಈ ಕೂಸಿಗ್ಯಾಕ ಹತ್ತಲಿಲ್ಲ?" ಅಂತ ಅವ್ವ ತುಂಬಾ ದಿನ ಕೇಳ್ತಾ ಇದ್ಳು, ನನ್ನ ಹತ್ರ ಉತ್ತರ ಇರ್ಲಿಲ್ಲ. ಉತ್ತರ ಸಿಕ್ಕಿದ್ದು ಧಾರವಾಡದಲ್ಲಿ ಎಂ.ಎಸ್ಸಿ ಓದುವಾಗ. ಕ್ಲೋರಾಂಫೆನಿಕಾಲ್ ಬಗ್ಗದ ಟೈಫಾಯ್ಡ್ 1972ರಲ್ಲೇ ಕೇರಳದ ಕೋಳಿಕ್ಕೋಡಿನಲ್ಲಿ ಕಾಣಿಸ್ಕೊಂಡಿತ್ತು, 1990ರ ಆಸುಪಾಸಿನಲ್ಲಿ ಒಂದಲ್ಲ ಮೂರು ಔಷಧಿಗೆ ಒಟ್ಟಿಗೇ ಜಗ್ಗದ ತಳಿ ದೇಶದ ತುಂಬಾ ಹಬ್ಬಿತ್ತು. ಒಂದು ಪ್ಲಾಸ್ಮಿಡ್, ಅಂದ್ರೆ ಡಿಎನ್‌ಎಯ ಒಂದು ಚಿಕ್ಕ ಉಂಗುರ, ಅದರೊಳಗೆ ಮೂರೂ ಪ್ರತಿರೋಧ ಕೂತಿತ್ತು. ರಜೆಯಲ್ಲಿ ಊರಿಗೆ ಹೋದಾಗ ಅವ್ವನಿಗೆ ಇದನ್ನ ಹೇಳ್ದೆ. ಸುಮ್ನೆ ಕೇಳಿಸ್ಕೊಂಡ್ಳು.

ಧಾರವಾಡದ ಇನ್ನೊಂದು ವಿಷ್ಯ ಹೇಳ್ಲೇಬೇಕು. ನಮ್ಮ ಮೇಷ್ಟ್ರೊಬ್ಬರು ಒಂದು ಇಡೀ ಕ್ಲಾಸು ಪ್ಲೇಗ್ ಲಸಿಕೆ ಬಗ್ಗೆ ಮಾತಾಡಿದ್ರು. ಹಾಫ್ಕಿನ್ ಅನ್ನೋ ವಿಜ್ಞಾನಿ 1897ರಲ್ಲಿ ಬೊಂಬಾಯಿಯಲ್ಲಿ ಪ್ಲೇಗ್ ಬ್ಯಾಕ್ಟೀರಿಯಾನ ಸಾರಿನಲ್ಲಿ ಬೆಳೆಸಿ ಬಿಸಿ ಮಾಡಿ ಸಾಯಿಸಿ ಲಸಿಕೆ ಮಾಡಿದ್ದ, ಮಾರನೇ ವರ್ಷ ಹುಬ್ಬಳ್ಳಿ ಧಾರವಾಡದಲ್ಲಿ ಪ್ಲೇಗ್ ಬಡಿದಾಗ ಸಾವಿರಾರು ಜನಕ್ಕೆ ಅದನ್ನ ಹಾಕಿದ್ರು. ಬ್ಯಾಕ್ಟೀರಿಯಾ ಲಸಿಕೆಯ ಚರಿತ್ರೆಯಲ್ಲಿ ನಮ್ಮ ಹುಬ್ಬಳ್ಳಿ ಇದೆ ಅಂತ ಆಗ ಎಷ್ಟು ಹೆಮ್ಮೆ ಆಗಿತ್ತು ಅಂದ್ರೆ ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಲ್ಲಿ ಬರ್ಕೊಂಡಿದ್ದೆ. ಅದೇ ಪುಟದ ಕೆಳಗೆ ಇನ್ನೊಂದು ಸಾಲು ಇದೆ: 1902, ಪಂಜಾಬಿನ ಮುಲ್ಕೊವಾಲ್. ಒಂದು ಬಾಟ್ಲಿ ಲಸಿಕೆಗೆ ಟೆಟನಸ್ ಸೇರ್ಕೊಂಡು ಆ ಒಂದೇ ಬಾಟ್ಲಿಯಿಂದ ಚುಚ್ಚಿಸ್ಕೊಂಡ 19 ಜನ ಸತ್ತುಹೋದ್ರು. ಹಾಫ್ಕಿನ್ ಮೇಲೆ ಅಪವಾದ ಬಂತು, ಆತನ ತಪ್ಪಲ್ಲ ಅಂತ ಒಪ್ಕೊಳ್ಳೋಕೆ ವರ್ಷಗಟ್ಟಲೆ ಹಿಡೀತು. ಲಕ್ಷ ಬಾಟ್ಲಿ ಸರಿ ಇದ್ರೂ ಒಂದು ಬಾಟ್ಲಿ ತಪ್ಪಿದ್ರೆ ಏನಾಗುತ್ತೆ ಅನ್ನೋದು ಆವತ್ತೇ ತಲೇಲಿ ಕೂತ್ಕೊಳ್ತು ಅನ್ಸುತ್ತೆ.

1997ರಲ್ಲಿ ಹೈದರಾಬಾದಿನ ಒಂದು ಲಸಿಕೆ ಕಂಪನಿಗೆ ಸೇರ್ದೆ, ಪಿಎಚ್‌ಡಿ ಆಮೇಲೆ ಕೆಲಸ ಮಾಡ್ತಾ ಮಾಡ್ತಾನೇ ಮುಗಿಸಿದ್ದು. ಆಗ ಟೈಫಾಯ್ಡ್‌ಗೆ ಮೂರು ಥರದ ಲಸಿಕೆ ಇದ್ವು. ಮೊದಲನೇದು ಹಳೇದು, ಆಲ್ಮ್‌ರಾತ್ ರೈಟ್ 1896ರ ಹೊತ್ತಿಗೆ ಶುರು ಮಾಡಿದ್ದು, ಇಡೀ ಬ್ಯಾಕ್ಟೀರಿಯಾನ ಸಾಯಿಸಿ ಚುಚ್ಚೋದು. ಅದು ಕೆಲಸ ಮಾಡ್ತಿತ್ತು ಆದ್ರೆ ತೋಳು ಊದ್ಕೊಂಡು ಎರಡು ದಿನ ಜ್ವರ ಬರ್ತಿತ್ತು. ನಮ್ಮ ದೇಶದಲ್ಲಿ 1978ರಲ್ಲಿ ಮಕ್ಕಳ ಲಸಿಕೆ ಕಾರ್ಯಕ್ರಮ ಶುರುವಾದಾಗ ಅದರಲ್ಲಿ ಟೈಫಾಯ್ಡ್ ಲಸಿಕೇನೂ ಇತ್ತು, ಆಮೇಲೆ ಕೈಬಿಟ್ರು. ಎರಡನೇದು ಬಾಯಿಗೆ ಹಾಕೋ ಜೀವಂತ ಲಸಿಕೆ, ಕ್ಯಾಪ್ಸೂಲ್ ನುಂಗೋಕೆ ಬರ್ದೇ ಇರೋ ಮಗುಗೆ ಅದು ಆಗ್ತಿರ್ಲಿಲ್ಲ. ಮೂರನೇದು ನಾವು ಮಾಡ್ತಿದ್ದದ್ದು, ವಿಐನ ಮಾತ್ರ ಬ್ಯಾಕ್ಟೀರಿಯಾದಿಂದ ಬಿಡಿಸಿ ತೊಳೆದು 25 ಮೈಕ್ರೋಗ್ರಾಂ ಲೆಕ್ಕದಲ್ಲಿ ಒಂದು ಡೋಸ್. ಸಿರಿಂಜಿನಲ್ಲಿ ನೋಡಿದ್ರೆ ನೀರು.

ಆ "ತೊಳೆದು" ಅನ್ನೋ ಒಂದು ಪದದೊಳಗೆ ನನ್ನ ಮೊದಲ ಏಳು ವರ್ಷ ಇದೆ. ಫರ್ಮೆಂಟರ್ ಅನ್ನೋ ದೊಡ್ಡ ಮುಚ್ಚಿದ ಪಾತ್ರೆಯಲ್ಲಿ ಟೈಫಿ ಬೆಳೆಸ್ತೀವಿ, ಟೈ-2 ಅನ್ನೋ ತಳಿ. ಒಳಗಿರೋದು ನಿಜವಾದ ಟೈಫಾಯ್ಡ್ ರೋಗಾಣು, ನೂರಾರು ಲೀಟರ್, ಗ್ಲೂಕೋಸ್ ಸ್ವಲ್ಪ ಸ್ವಲ್ಪ ಬಿಡ್ತಾ, ಆಮ್ಲಜನಕ ಇಳೀದ ಹಾಗೆ ನೋಡ್ಕೊಂಡು ರಾತ್ರಿಯೆಲ್ಲ ಪಕ್ಕದಲ್ಲಿ ಕೂರ್ಬೇಕು, ನೊರೆ ಉಕ್ಕಿ ಮೇಲಿನ ಫಿಲ್ಟರ್ ಒದ್ದೆ ಆದ್ರೆ ಇಡೀ ಬ್ಯಾಚ್ ಹೋಯ್ತು. ಬೆಳೆದ್ಮೇಲೆ ಫಾರ್ಮಲಿನ್ ಹಾಕಿ ಸಾಯಿಸೋದು, ಒಂದೂ ಬದುಕಿಲ್ಲ ಅಂತ ಪ್ಲೇಟ್ ಮೇಲೆ ಬೆಳೆಸಿ ಖಾತ್ರಿ ಆಗೋವರೆಗೆ ಮುಚ್ಚಳ ತೆಗೆಯೋ ಹಾಗಿಲ್ಲ. ಆಮೇಲೆ ಸೆಂಟ್ರಿಫ್ಯೂಜ್, ಮೇಲಿನ ತಿಳಿಗೆ ಸಿಟಾಬ್ ಅನ್ನೋ ಒಂಥರಾ ಸೋಪು ಹಾಕಿದ್ರೆ ವಿಐಯ ಋಣ ಚಾರ್ಜು ಅದನ್ನ ಹಿಡ್ಕೊಂಡು ಒಡೆದ ಹಾಲಿನ ಥರ ಕೆಳಗೆ ಕೂರುತ್ತೆ. ಅದನ್ನ ಕರಗಿಸಿ ಆಲ್ಕೋಹಾಲ್‌ನಲ್ಲಿ ಇಳಿಸಿ ಮೆಂಬ್ರೇನ್ ಮೇಲೆ ಓಡಿಸಿ ಮತ್ತೆ ಕರಗಿಸಿ, ಕೊನೇಗೆ ಪ್ರೋಟೀನ್ 1 ಪರ್ಸೆಂಟಿಗಿಂತ ಕಮ್ಮಿ, ಡಿಎನ್‌ಎ ಆರ್‌ಎನ್‌ಎ ಸೇರಿ 2 ಪರ್ಸೆಂಟಿಗಿಂತ ಕಮ್ಮಿ. ಮುಖ್ಯವಾಗಿ ಎಂಡೊಟಾಕ್ಸಿನ್, ಅಂದ್ರೆ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರೋ ವಿಷ, ಹೋಗ್ಬೇಕು, ಹಳೇ ಲಸಿಕೆಯಲ್ಲಿ ಜ್ವರ ತರಿಸ್ತಿದ್ದದ್ದು ಅದೇ. ಸೇರಿದ ಹೊಸದರಲ್ಲಿ ನಾನು ವಿಜ್ಞಾನಿ ಆಗಿ ಬಂದಿದೀನಿ, ಇಲ್ಲಿ ನೋಡಿದ್ರೆ ಬರೀ ತೊಳೆಯೋದು ಅಳೆಯೋದು ಬರೆಯೋದು ಅಂತ ಬೇಜಾರಾಗ್ತಿತ್ತು. ಬ್ಯಾಚ್ ರೆಕಾರ್ಡ್ ಅಂತ ಒಂದು ಪುಸ್ತಕ, ಎಷ್ಟು ಗಂಟೆಗೆ ಯಾವ ವಾಲ್ವ್ ತೆಗೆದೆ ಅನ್ನೋದೂ ಸಹಿ ಹಾಕಿ ಬರೀಬೇಕು, ಪಕ್ಕದಲ್ಲಿ ಇನ್ನೊಬ್ರು ನೋಡಿ ಸಹಿ ಹಾಕ್ಬೇಕು. ಬರ್ದಿಲ್ಲ ಅಂದ್ರೆ ಮಾಡಿಲ್ಲ, ನಮ್ಮ ಕೆಲಸದಲ್ಲಿ ಎಲ್ಲರ ಬಾಯಲ್ಲೂ ಇರೋ ಮಾತು ಇದು. ಆ ಬೇಜಾರು ಯಾವಾಗ ಹೋಯ್ತು ಅಂತ ಮುಂದೆ ಹೇಳ್ತೀನಿ.

2004ರಲ್ಲಿ ನನಗೆ ಮಗಳು ಹುಟ್ಟಿದ್ಳು. ಒಂಬತ್ತು ತಿಂಗಳಿಗೆ ದಡಾರದ ಚುಚ್ಚುಮದ್ದಿಗೆ ಹೋದಾಗ ಟೈಫಾಯ್ಡ್ ಕೂಡ ಹಾಕ್ಬಿಡಿ ಅಂತ ಬಾಯಿ ತುದೀಗೆ ಬಂದಿತ್ತು, ಬಂದು ನಿಂತ್ಹೋಯ್ತು. ಯಾಕಂದ್ರೆ ನಾನೇ ಮಾಡೋ ಲಸಿಕೆಯ ಪೆಟ್ಟಿಗೆ ಮೇಲೆ ನಾನೇ ನೂರು ಸಲ ಓದಿದ ಸಾಲು ಇತ್ತು, ಎರಡು ವರ್ಷ ಮೇಲ್ಪಟ್ಟವರಿಗೆ ಮಾತ್ರ. ಪಕ್ಕದ ಮನೆ ಕೂಸಿಗೆ ಒಂದೂವರೆ ವರ್ಷ ಆಗಿತ್ತು. ಆ ರಾತ್ರಿ ನಿದ್ದೆ ಬರ್ಲಿಲ್ಲ. ನಾನು ಏಳು ವರ್ಷದಿಂದ ಮಾಡ್ತಿದ್ದ ಲಸಿಕೆ ಆ ಕೂಸಿಗೂ ಆಗ್ತಿರ್ಲಿಲ್ಲ, ನನ್ನ ಕೂಸಿಗೂ ಆಗಲ್ಲ.

ಯಾಕೆ ಆಗಲ್ಲ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಮೈಯಲ್ಲಿ ಆಂಟಿಬಾಡಿ ಮಾಡೋದು ಬಿ ಕಣ. ಅದಕ್ಕೆ ಗಟ್ಟಿಯಾಗಿ, ನೆನಪಿಟ್ಕೊಂಡು ಕೆಲಸ ಮಾಡೋಕೆ ಟಿ ಕಣದ ಶಿಫಾರಸು ಬೇಕು. ಟಿ ಕಣಕ್ಕೆ ಪ್ರೋಟೀನ್ ತುಂಡು ಮಾತ್ರ ಗೊತ್ತಾಗುತ್ತೆ, ವಿಐನಂಥ ಸಕ್ಕರೆ ಸರಪಳಿ ಎದುರಿಗೇ ನಿಂತ್ರೂ ಗುರುತು ಹತ್ತಲ್ಲ. ದೊಡ್ಡವರಲ್ಲಿ ಬಿ ಕಣ ಶಿಫಾರಸಿಲ್ಲದೇನೂ ಒಂದಷ್ಟು ಕೆಲಸ ಮಾಡುತ್ತೆ, ಆದ್ರೆ ನೆನಪು ಉಳಿಯಲ್ಲ, ಮೂರು ವರ್ಷಕ್ಕೊಮ್ಮೆ ಮತ್ತೆ ಚುಚ್ಚಿಸ್ಕೋಬೇಕು. ಎರಡು ವರ್ಷದೊಳಗಿನ ಮಗುವಿನಲ್ಲಿ ಅದೂ ಆಗಲ್ಲ. ಇದಕ್ಕಿರೋ ಉಪಾಯ ಸಕ್ಕರೇನ ಟಿ ಕಣಕ್ಕೆ ಗುರುತಿರೋ ಒಂದು ಪ್ರೋಟೀನಿಗೆ ಗಂಟು ಹಾಕೋದು. ಬಿ ಕಣ ಸಕ್ಕರೇನ ಹಿಡಿದು ಒಳಗೆ ಎಳೆದುಕೊಂಡಾಗ ಜೊತೆಗೆ ಪ್ರೋಟೀನೂ ಬರುತ್ತೆ, ಅದರ ತುಂಡನ್ನ ಟಿ ಕಣಕ್ಕೆ ತೋರ್ಸಿ ಶಿಫಾರಸು ಪಡ್ಕೊಳುತ್ತೆ. ಇದನ್ನ ಕಾಂಜುಗೇಟ್ ಅಂತಾರೆ. ವಿಚಾರ ಹಳೇದು, ಏವರಿ ಮತ್ತೆ ಗೋಬೆಲ್ 1930ರ ಆಸುಪಾಸಿನಲ್ಲೇ ಮೊಲಗಳಲ್ಲಿ ತೋರ್ಸಿದ್ರು. ಮಕ್ಕಳ ಮೆದುಳುಜ್ವರ ತರೋ ಹಿಬ್ ಅನ್ನೋ ಬ್ಯಾಕ್ಟೀರಿಯಾಕ್ಕೆ ಜಾನ್ ರಾಬಿನ್ಸ್, ರೇಚಲ್ ಷ್ನೀರ್ಸನ್ ಒಂದು ಕಡೆ, ಪೋರ್ಟರ್ ಆಂಡರ್ಸನ್, ಡೇವಿಡ್ ಸ್ಮಿತ್ ಇನ್ನೊಂದು ಕಡೆ ಕೂತು ಅದನ್ನ ಲಸಿಕೆ ಮಾಡೋವರೆಗೆ 50 ವರ್ಷ ಆ ವಿಚಾರ ಪುಸ್ತಕದಲ್ಲೇ ಮಲಗಿತ್ತು. ಅಮೆರಿಕದಲ್ಲಿ ಹಿಬ್ ಮೆದುಳುಜ್ವರ ಕೆಲವೇ ವರ್ಷದಲ್ಲಿ ಹೆಚ್ಚುಕಮ್ಮಿ ಮಾಯ ಆಯ್ತು. ಅದೇ ರಾಬಿನ್ಸ್, ಷ್ನೀರ್ಸನ್ ಮತ್ತೆ ಷೌಸನ್ ಸೂ ಸೇರಿ ವಿಐಗೂ ಕೈ ಹಾಕಿದ್ರು, ವಿಯೆಟ್ನಾಂನಲ್ಲಿ 2ರಿಂದ 5 ವರ್ಷದ 11,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಪರೀಕ್ಷೆ 2001ರಲ್ಲಿ ಪ್ರಕಟ ಆಯ್ತು, ರಕ್ಷಣೆ 91.5 ಪರ್ಸೆಂಟ್. ಆ ಪೇಪರಿನ ಝೆರಾಕ್ಸ್ ನನ್ನ ಡ್ರಾಯರ್‌ನಲ್ಲಿ ಮೂರು ವರ್ಷದಿಂದ ಇತ್ತು. ಮಗಳ ಚುಚ್ಚುಮದ್ದು ಆದ ಮಾರನೇ ವಾರ ಅದನ್ನ ತಗೊಂಡು ಬಾಸ್ ರೂಮಿಗೆ ಹೋದೆ.

ಒಪ್ಪಿಗೆ ಸಿಗೋಕೆ ಒಂದು ವರ್ಷ ಹಿಡೀತು, ಅದನ್ನ ಇಲ್ಲಿ ಬೆಳೆಸೋದು ಬೇಡ.

ನಾವು ಆರಿಸ್ಕೊಂಡ ಪ್ರೋಟೀನು ಟೆಟನಸ್ ಟಾಕ್ಸಾಯ್ಡ್, ಗಾಯ ಆದಾಗ ಹಾಕಿಸ್ಕೋತೀವಲ್ಲ ಟಿಟಿ, ಅದೇ. ಇದೇ ಟೆಟನಸ್ ಮುಲ್ಕೊವಾಲ್‌ನಲ್ಲಿ 19 ಜನರನ್ನ ಕೊಂದಿತ್ತು, ನೂರು ವರ್ಷ ಆದ್ಮೇಲೆ ಅದರ ವಿಷಾನೇ ಫಾರ್ಮಲಿನ್‌ನಲ್ಲಿ ಪಳಗಿಸಿ ಇನ್ನೊಂದು ಲಸಿಕೆಗೆ ಊರುಗೋಲು ಮಾಡ್ತಿದೀವಿ ಅಂತ ನನಗೆ ಆಗಾಗ ಅನ್ಸೋದು. ರಸಾಯನಶಾಸ್ತ್ರ ಹೇಳೋಕೆ ಸುಲಭ. ವಿಐ ಸರಪಳಿಯ ಪ್ರತಿ ಕೊಂಡಿಯಲ್ಲೂ ಕಾರ್ಬಾಕ್ಸಿಲ್ ಅನ್ನೋ ಒಂದು ಆಮ್ಲದ ಗುಂಪು ಇದೆ. ಟಾಕ್ಸಾಯ್ಡ್‌ಗೆ ಮೊದಲು ಅಡಿಪಿಕ್ ಡೈಹೈಡ್ರಜೈಡ್ ಅನ್ನೋ ಚಿಕ್ಕ ಕೊಕ್ಕೆ ಅಂಟಿಸ್ತೀವಿ, ಆಮೇಲೆ ಎರಡನ್ನೂ ಬೆರೆಸಿ ಇಡಿಸಿ ಅನ್ನೋ ಪುಡಿ ಹಾಕಿದ್ರೆ ಕೊಕ್ಕೆ ಕಾರ್ಬಾಕ್ಸಿಲ್‌ಗೆ ಸಿಕ್ಕಿಕೊಳ್ಳುತ್ತೆ. ನೂರು ಎಂಎಲ್ ಫ್ಲಾಸ್ಕಿನಲ್ಲಿ ಮೊದಲ ಸಲವೇ ಚೆನ್ನಾಗಿ ಬಂತು. ಐದು ಲೀಟರ್‌ಗೆ ಹೋದಾಗ ಇಡಿಸಿ ಹಾಕಿದ ಇಪ್ಪತ್ತು ನಿಮಿಷಕ್ಕೆ ಕಲಕೋ ಕಡ್ಡಿ ನಿಧಾನ ಆಯ್ತು, ನೋಡ್ತಾ ನೋಡ್ತಾ ನಿಂತೇ ಹೋಯ್ತು. ಮುಚ್ಚಳ ತೆಗೆದು ನೋಡಿದ್ರೆ ಒಳಗಿರೋದೆಲ್ಲ ಹೆಪ್ಪುಗಟ್ಟಿ ಗಟ್ಟಿ ಮೊಸರಿನ ಥರ ಕೂತಿದೆ. ಒಂದು ಪ್ರೋಟೀನ್ ಮೇಲೆ ಹತ್ತಾರು ಕೊಕ್ಕೆ, ಒಂದು ಸರಪಳಿ ಮೇಲೆ ಸಾವಿರಾರು ಕಾರ್ಬಾಕ್ಸಿಲ್, ಎಲ್ಲ ಎಲ್ಲದಕ್ಕೂ ಸಿಕ್ಕಿಕೊಂಡು ಒಂದೇ ಬಲೆ ಆಗ್ಬಿಟ್ಟಿತ್ತು. ಎರಡು ತಿಂಗಳು ಕೂತು ತೊಳೆದ ವಿಐ ಅದು.

ಹೀಗೆ ನಾಲ್ಕು ಸಲ ಆಯ್ತು. ನಾಲ್ಕನೇ ಸಲ ಆದ್ಮೇಲೆ ನಮ್ಮ ಫರ್ಮೆಂಟೇಷನ್‌ನ ಒಬ್ಬ ಹಿರಿಯ ಆಪರೇಟರು, ಓದಿದ್ದು ಡಿಪ್ಲೊಮಾ, ಬಂದು ನೋಡಿ ಹೇಳಿದ್ರು, ಮೇಡಂ ನೀವು ಪುಡೀನ ಒಂದೇ ಕಡೆ ಸುರೀತೀರಿ, ಇಷ್ಟು ಗಟ್ಟಿ ದ್ರವದಲ್ಲಿ ಅದು ಹರಡೋ ಮುಂಚೆ ಅಲ್ಲೇ ಕೆಲಸ ಮುಗಿಸಿರುತ್ತೆ, ಉಪ್ಪಿಟ್ಟಿಗೆ ರವೆ ಒಮ್ಮೆಗೇ ಸುರಿದ್ರೆ ಗಂಟು ಕಟ್ಟಲ್ವಾ ಅಂತ. ಅಲ್ಲಿಂದ ದಾರಿ ಸಿಕ್ತು. ಇಡಿಸಿನ ಕರಗಿಸಿ ಸಣ್ಣ ಪಂಪಿನಲ್ಲಿ ಹನಿ ಹನಿ ಬಿಡೋದು, ಪಾತ್ರೆ ತಣ್ಣಗೆ ಇಡೋದು, ಕಲಕೋ ಬ್ಲೇಡ್ ಬದಲಾಯಿಸೋದು, ಅದಕ್ಕಿಂತ ಮೊದಲು ವಿಐ ಸರಪಳಿನೇ ಒತ್ತಡದಲ್ಲಿ ಸಣ್ಣ ರಂಧ್ರದ ಮೂಲಕ ನುಗ್ಗಿಸಿ ಸ್ವಲ್ಪ ಗಿಡ್ಡ ಮಾಡ್ಕೊಳ್ಳೋದು. ಗಿಡ್ಡ ಮಾಡಿದ್ರೆ ಕೊನೇಲಿ 0.22 ಮೈಕ್ರಾನ್ ಫಿಲ್ಟರಿನಿಂದಾನೂ ದಾಟುತ್ತೆ, ಇಲ್ದಿದ್ರೆ ಫಿಲ್ಟರ್ ಕಟ್ಕೊಂಡು ಅರ್ಧ ಲಸಿಕೆ ಅಲ್ಲೇ ಉಳಿಯುತ್ತೆ. ಜಾಸ್ತಿ ಗಿಡ್ಡ ಮಾಡಿದ್ರೆ ಮೈಗೆ ಅದು ಗುರುತೇ ಸಿಗಲ್ಲ. ಎಷ್ಟು ಗಿಡ್ಡ ಅಂತ ಕಂಡ್ಕೊಳ್ಳೋಕೆ ಒಂದೂವರೆ ವರ್ಷ. ಇದರಲ್ಲಿ ಪೇಪರ್ ಬರೆಯೋಂಥದ್ದು ಏನೂ ಇಲ್ಲ, ಆದ್ರೆ ಇದಿಲ್ದೆ ಲಸಿಕೆ ಇಲ್ಲ.

ಈಗ ಆ ಬೇಜಾರು ಹೋದ ದಿನದ ಮಾತು. 2008ರ ಮಳೆಗಾಲ. ಕಾಂಜುಗೇಶನ್ ಚೆನ್ನಾಗಿ ಆಗಿತ್ತು, ರಿಯಾಕ್ಷನ್ ನಿಲ್ಸೋಕೆ ಪಿಎಚ್, ಅಂದ್ರೆ ಆಮ್ಲ ಕ್ಷಾರದ ಅಳತೆ, ಸ್ವಲ್ಪ ಮೇಲಕ್ಕೆ ತರ್ಬೇಕು. ಸಂಜೆ ಆಗಿತ್ತು, ಮಗಳಿಗೆ ಜ್ವರ ಅಂತ ಮನೆಯಿಂದ ಫೋನು, ನಾನು ಬೆಳಗ್ಗೆ ಪಿಎಚ್ ಪ್ರೋಬ್ ಕ್ಯಾಲಿಬ್ರೇಟ್ ಮಾಡಿರ್ಲಿಲ್ಲ, ನಿನ್ನೆ ಮಾಡಿದ್ದೆ ಸಾಕು ಅಂತ ಬಿಟ್ಟಿದ್ದೆ. ಪ್ರೋಬು 7.5 ಅಂತ ತೋರಿಸ್ತಾ ಇತ್ತು, ಸೀಲ್ ಮಾಡಿ ಹೊರಟೆ. ಬೆಳಗ್ಗೆ ಬಂದು ಬೇರೆ ಮೀಟರ್‌ನಲ್ಲಿ ನೋಡಿದ್ರೆ 10 ದಾಟಿದೆ. ರಾತ್ರಿಯೆಲ್ಲ ರೂಮ್ ಟೆಂಪರೇಚರ್‌ನಲ್ಲಿ, ಅಷ್ಟು ಕ್ಷಾರದಲ್ಲಿ. ಪಿಎಚ್ ವಾಪಸ್ ಇಳಿಸಿ ಎಲ್ಲ ಟೆಸ್ಟ್ ಮಾಡ್ಸಿದ್ವಿ. ವಿಐ ಪ್ರಮಾಣ ಸರಿ. ಪ್ರೋಟೀನ್ ಸರಿ. ಗಂಟು ಬೀಳದೆ ಉಳಿದ ಬಿಡಿ ವಿಐ 20 ಪರ್ಸೆಂಟಿನೊಳಗೆ ಇರ್ಬೇಕು, ಇತ್ತು. ಕಣ್ಣಿಗೆ ಅದೇ ತಿಳಿ ನೀರು. ಒಂದೇ ಒಂದು ಟೆಸ್ಟ್ ಫೇಲ್ ಆಯ್ತು, ಹೆಸ್ಟ್ರಿನ್.

ವಿಐ ಸರಪಳಿಯ ಕೊಂಡಿಗಳ ಮೇಲೆ ಅಸಿಟೈಲ್ ಅನ್ನೋ ಒಂದು ಪುಟ್ಟ ಗುಂಪು ಕೂತಿರುತ್ತೆ, ಬಟನ್ ಥರ. ಹೆಸ್ಟ್ರಿನ್ ಟೆಸ್ಟ್ ಎಣಿಸೋದು ಆ ಬಟನ್‌ಗಳನ್ನ. ಹೈಡ್ರಾಕ್ಸಿಲಮೀನ್ ಹಾಕಿ ಫೆರಿಕ್ ಕ್ಲೋರೈಡ್ ಹಾಕಿದ್ರೆ ಕಂದುಗೆಂಪು ಬಣ್ಣ ಬರುತ್ತೆ, ಬಣ್ಣ ಎಷ್ಟು ಗಾಢವೋ ಅಷ್ಟು ಅಸಿಟೈಲ್, ಒಂದು ಗ್ರಾಂ ವಿಐಗೆ 2 ಮಿಲಿಮೋಲ್‌ಗಿಂತ ಕಮ್ಮಿ ಆಗೋ ಹಾಗಿಲ್ಲ. ನನ್ನ ಟ್ಯೂಬು ತೆಳು ಹಳದಿಯಲ್ಲೇ ನಿಂತಿತ್ತು. ಕ್ಷಾರ ರಾತ್ರಿಯೆಲ್ಲ ಬಟನ್ ಕಿತ್ತು ಹಾಕಿತ್ತು.

ಬ್ಯಾಚ್ ಚೆಲ್ಲೋ ಮುಂಚೆ ಒಂದು ಕೇಳ್ಕೊಂಡೆ. ಇದನ್ನೂ, ಒಂದು ಒಳ್ಳೇ ಬ್ಯಾಚನ್ನೂ ಎರಡು ಗುಂಪು ಇಲಿಗಳಿಗೆ ಹಾಕಿ ನೋಡೋಣ ಅಂತ. ಎರಡು ಡೋಸ್ ಆಗಿ ರಕ್ತ ತೆಗೆದು ಎಲೈಸಾ, ಅಂದ್ರೆ ಆಂಟಿಬಾಡಿ ಎಷ್ಟಿದೆ ಅಂತ ಬಣ್ಣದಲ್ಲಿ ತೋರ್ಸೋ ಪರೀಕ್ಷೆ, ಮಾಡಿದಾಗ ಒಳ್ಳೇ ಬ್ಯಾಚಿನ ಪ್ಲೇಟು ಕಡು ಹಳದಿ, ಐಜಿಜಿ ಅನ್ನೋ ಆಂಟಿಬಾಡಿ ಎರಡನೇ ಡೋಸಿಗೆ ಜಿಗಿದಿದೆ, ಟಿ ಕಣದ ಶಿಫಾರಸು ಕೆಲಸ ಮಾಡಿದೆ ಅಂತ ಅರ್ಥ. ನನ್ನ ತಪ್ಪಿನ ಬ್ಯಾಚಿನ ಸಾಲು ಹೆಚ್ಚುಕಮ್ಮಿ ಖಾಲಿ ನೀರಿನ ಬಣ್ಣ. ನಾನು ಪ್ಲೇಟ್ ಕೈಲಿ ಹಿಡ್ಕೊಂಡು ತುಂಬಾ ಹೊತ್ತು ನಿಂತಿದ್ದೆ. ತೂಕದಲ್ಲಿ ಅದೇ ವಿಐ, ಅದೇ ಪ್ರೋಟೀನ್, ಸೀಸೆಗೆ ತುಂಬಿ ಲೇಬಲ್ ಹಚ್ಚಿದ್ರೆ ಯಾವ ತಾಯಿಗೂ ಯಾವ ಡಾಕ್ಟರಿಗೂ ವ್ಯತ್ಯಾಸ ಗೊತ್ತಾಗ್ತಿರ್ಲಿಲ್ಲ, ಮಗುಗೆ ತೊಂದ್ರೇನೂ ಆಗ್ತಿರ್ಲಿಲ್ಲ, ಬರೀ ರಕ್ಷಣೆ ಸಿಗ್ತಿರ್ಲಿಲ್ಲ ಅಷ್ಟೆ, ವರ್ಷ ಬಿಟ್ಟು ಆ ಮಗುಗೆ ಟೈಫಾಯ್ಡ್ ಬಂದಾಗ ಲಸಿಕೆ ಹಾಕ್ಸಿದ್ವಲ್ಲ ಅಂತ ಅವ್ವನ ಥರ ಯಾರೋ ಒಬ್ರು ಕೇಳ್ತಾ ಕೂರೋರು. ತಡೆದದ್ದು ಆ ಒಂದು ತೆಳು ಹಳದಿ ಟ್ಯೂಬು ಮಾತ್ರ. ಆವತ್ತಿನಿಂದ ಅಳೆಯೋದು ಬರೆಯೋದು ಬೇಜಾರು ಅಂತ ನನ್ನ ಬಾಯಲ್ಲಿ ಬಂದಿಲ್ಲ. ಪ್ರೋಬ್ ಕ್ಯಾಲಿಬ್ರೇಟ್ ಮಾಡಿರ್ಲಿಲ್ಲ ಅಂತ ನಾನೇ ರಿಪೋರ್ಟಿನಲ್ಲಿ ಬರ್ದು ಸಹಿ ಹಾಕ್ದೆ. ಆಮೇಲೆ ಪ್ರತಿ ಬ್ಯಾಚಿಗೂ ಎರಡು ಮೀಟರ್, ಇಬ್ಬರು ಜನ ಅಂತ ನಿಯಮ ಆಯ್ತು.

ಟೈಫಾಯ್ಡ್‌ದು ಇನ್ನೊಂದು ಕಷ್ಟ ಇದೆ, ಇಲಿಗಳ ಮಾತು ಬಂತಲ್ಲ. ಟೈಫಿ ಮನುಷ್ಯರಿಗೆ ಮಾತ್ರ ಬರೋ ರೋಗಾಣು, ಇಲಿಗೆ ಆ ಜ್ವರಾನೇ ಬರಲ್ಲ. ಹಾಗಾಗಿ ಇಲಿಯಲ್ಲಿ ಆಂಟಿಬಾಡಿ ನೋಡಬಹುದು, ರಕ್ಷಣೆ ಸಿಗುತ್ತಾ ಅಂತ ನೋಡೋಕಾಗಲ್ಲ. ಅದಕ್ಕೇ ಆಕ್ಸ್‌ಫರ್ಡ್‌ನವರ ಕೆಲಸ ಕೇಳಿದಾಗ ಮೈ ಜುಮ್ ಅಂತು. ಅಲ್ಲಿ ಆರೋಗ್ಯವಂತ ದೊಡ್ಡವರು ತಾವಾಗೇ ಮುಂದೆ ಬಂದು, ಲಸಿಕೆ ಹಾಕಿಸ್ಕೊಂಡು, ಹೊಟ್ಟೆಯ ಆಮ್ಲ ರೋಗಾಣುನ ಕೊಲ್ಲದೇ ಇರ್ಲಿ ಅಂತ ಸೋಡಾ ನೀರಿನ ಜೊತೆ ಜೀವಂತ ಟೈಫಿ ಕುಡಿದ್ರು, ಜ್ವರ ಬಂದವರಿಗೆ ತಕ್ಷಣ ಔಷಧಿ ಕೊಟ್ರು. ಭಾರತದಲ್ಲಿ 2013ರಲ್ಲಿ ಲೈಸೆನ್ಸ್ ಆಗಿದ್ದ ವಿಐ–ಟೆಟನಸ್ ಕಾಂಜುಗೇಟ್ ಟೈಪ್‌ಬಾರ್ ಟಿಸಿವಿಯನ್ನ ಹೀಗೆ ಪರೀಕ್ಷೆ ಮಾಡಿ 2017ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಹಾಕಿದ್ರು, ರಕ್ಷಣೆ ಸುಮಾರು 55 ಪರ್ಸೆಂಟ್, ಹೊರಗೆ ರೋಗ ಗುರುತಿಸೋ ರೀತಿಯಲ್ಲೇ ಜ್ವರ ಬಂದ ಮೇಲೆ ರಕ್ತ ಪರೀಕ್ಷೆ ಅಂತ ಲೆಕ್ಕ ಹಾಕಿದ್ರೆ 87. ಆಮೇಲೆ ನೇಪಾಳದ ಲಲಿತ್‌ಪುರ, ಮಲಾವಿಯ ಬ್ಲಾಂಟಯರ್, ಢಾಕಾದ ಮೀರ್‌ಪುರ, ಮೂರೂ ಕಡೆ ಸಾವಿರಾರು ಮಕ್ಕಳಲ್ಲಿ 80 ಪರ್ಸೆಂಟ್ ಮತ್ತೆ ಅದಕ್ಕೂ ಮೇಲೆ ಬಂತು, ಒಂದೇ ಡೋಸಿಗೆ. ಆ ಮಕ್ಕಳಲ್ಲಿ ಒಂಬತ್ತು ತಿಂಗಳವೂ ಇದ್ವು.

ನೀವು ಗಮನಿಸಿರ್ತೀರಿ, ಮೊದಲು ಬಂದದ್ದು ನಮ್ಮದಲ್ಲ. ನಮ್ಮ ಪ್ರಾಜೆಕ್ಟ್ 2010ರಲ್ಲಿ ನಿಂತಿತ್ತು, ಎರಡು ವರ್ಷ. ಮಾರ್ಕೆಟ್ ಇಲ್ಲ, ಬಡವರ ರೋಗ, ಕೊಳ್ಳೋರು ಯಾರು ಅಂತ ಮೀಟಿಂಗಿನಲ್ಲಿ ಹೇಳಿದ್ರು, ನನ್ನ ತಂಡದ ಆರು ಜನರನ್ನ ಬೇರೆ ಕಡೆ ಹಾಕಿದ್ರು. ಆ ವರ್ಷ ಡಿಸೆಂಬರಿನಲ್ಲಿ ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಮೆನಿಂಜೈಟಿಸ್ ಅನ್ನೋ ಮೆದುಳುಜ್ವರದ ಲಸಿಕೆ ಮೆನ್‌ಆಫ್ರಿವ್ಯಾಕ್ ಶುರುವಾಯ್ತು, ಅದೂ ಕಾಂಜುಗೇಟ್ ಲಸಿಕೆ, ಅದರದೂ ಪ್ರೋಟೀನ್ ಟೆಟನಸ್ ಟಾಕ್ಸಾಯ್ಡ್, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನಲ್ಲಿ ಮಾಡಿದ್ದು, ಡೋಸಿಗೆ ಅರ್ಧ ಡಾಲರಿಗಿಂತ ಕಮ್ಮಿ. ಆಫ್ರಿಕಾದಲ್ಲಿ ಆ ರೋಗ ಹೆಚ್ಚಿದ್ದ ಪ್ರದೇಶದಲ್ಲಿ ಎ ಗುಂಪಿನ ಮೆನಿಂಜೈಟಿಸ್ ಅಳಿಸಿಹೋದ ಹಾಗೆ ಆಯ್ತು. ಬಡವರ ರೋಗಕ್ಕೆ ಲಸಿಕೆ ಮಾಡಿ ಕಂಪನಿ ಮುಳುಗಲ್ಲ ಅಂತ ಹೇಳೋಕೆ ನನ್ನ ಕೈಗೆ ಒಂದು ಉದಾಹರಣೆ ಸಿಕ್ತು, ಹೋದ ಮೀಟಿಂಗಿನಲ್ಲೆಲ್ಲ ಅದನ್ನೇ ಹೇಳ್ದೆ. ಪ್ರಾಜೆಕ್ಟ್ ವಾಪಸ್ ಬಂತು, ಆದ್ರೆ ಎರಡು ವರ್ಷ ವಾಪಸ್ ಬರ್ಲಿಲ್ಲ. ಒಂದೇ ಥರ ಬರೋ ಮೂರು ಬ್ಯಾಚ್ ಸತತವಾಗಿ ಮಾಡಿ ತೋರಿಸೋದು, ಮನುಷ್ಯರ ಮೇಲಿನ ಪರೀಕ್ಷೆಗಳು, ಕಸೌಲಿಯ ಸೆಂಟ್ರಲ್ ಡ್ರಗ್ಸ್ ಲ್ಯಾಬೊರೇಟರಿಗೆ ಸ್ಯಾಂಪಲ್, ಪೆಟ್ಟಿಗೆಗಟ್ಟಲೆ ಫೈಲು, ಇದೆಲ್ಲ ಆಗೋ ಹೊತ್ತಿಗೆ ಬೇರೆಯವರದು ಬಂದಾಗಿತ್ತು. ನಮ್ಮದೂ ಬಂತು, ತಡವಾಗಿ.

ಬೇಜಾರಾಯ್ತಾ ಅಂತ ಕೇಳ್ತಾರೆ. ಒಂದಷ್ಟು ದಿನ ಆಯ್ತು. ಆದ್ರೆ 2016ರಿಂದ ಪಾಕಿಸ್ತಾನದ ಸಿಂಧ್‌ನಲ್ಲಿ, ಅಲ್ಲೂ ಒಂದು ಹೈದರಾಬಾದ್ ಇದೆ, ಆ ಊರಿನಿಂದ ಶುರುವಾದ ಟೈಫಾಯ್ಡ್ ತಳಿ ಚುಚ್ಚಿ ಕೊಡೋ ಔಷಧಿ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗಲಿಲ್ಲ. ಬಾಯಿಗೆ ಕೊಡೋ ಔಷಧಿ ಅಂತ ಅಜಿತ್ರೊಮೈಸಿನ್ ಒಂದೇ ಉಳೀತು. 1990ರ ಪಕ್ಕದ ಮನೆ ಕಥೆ ಮತ್ತೆ, ಸಾವಿರಾರು ಮನೆಗಳಲ್ಲಿ. 2019ರ ನವೆಂಬರಿನಲ್ಲಿ ಅಲ್ಲಿ ಎರಡು ವಾರದೊಳಗೆ 90 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಕಾಂಜುಗೇಟ್ ಲಸಿಕೆ ಹಾಕಿದ್ರು, ಆಮೇಲೆ ಒಂಬತ್ತು ತಿಂಗಳಿಗೆ ದಡಾರದ ಜೊತೆ ಅಂತ ದಿನನಿತ್ಯದ ಪಟ್ಟಿಗೇ ಸೇರಿಸಿದ್ರು, ಪ್ರಪಂಚದಲ್ಲಿ ಹಾಗೆ ಮಾಡಿದ ಮೊದಲ ದೇಶ. ಯಾರ ಲೇಬಲ್ ಅನ್ನೋದು ಆ ಸುದ್ದಿ ಓದ್ವಾಗ ನನ್ನ ತಲೇಲಿ ಇರ್ಲೇ ಇಲ್ಲ. ನಮ್ಮ ದೇಶದಲ್ಲಿ 2018ರಲ್ಲಿ ನವಿ ಮುಂಬೈ ಪಾಲಿಕೆ ಸಾರ್ವಜನಿಕವಾಗಿ ಹಾಕೋಕೆ ಶುರು ಮಾಡ್ತು. ನಮ್ಮ ಹಾವೇರಿ ಕಡೆ ಪ್ರೈವೇಟ್ ಡಾಕ್ಟರ್ ಹತ್ರ ದುಡ್ಡು ಕೊಟ್ಟು ಹಾಕಿಸ್ಕೊಳ್ಳೋರು ಹಾಕಿಸ್ಕೋತಾರೆ. ಇದು ನನಗೆ ಇವತ್ತಿಗೂ ಚುಚ್ಚೋ ವಿಷ್ಯ. ಇಲ್ಲೇ ಮಾಡ್ತೀವಿ, ಎಲ್ಲಾ ಮಕ್ಕಳಿಗೂ ಸಿಗ್ಬೇಕು.

ಈ ಕೆಲಸಕ್ಕೆ ಬರ್ಬೇಕು ಅನ್ನೋರಿಗೆ: ಇಮ್ಯುನಾಲಜಿ ಎಲ್ರೂ ಓದ್ಕೊಂಡು ಬರ್ತಾರೆ. ಕಾರ್ಬೋಹೈಡ್ರೇಟ್ ಕೆಮಿಸ್ಟ್ರಿ ಓದ್ಕೊಂಡು ಬನ್ನಿ, ಫಿಲ್ಟ್ರೇಷನ್ ಓದ್ಕೊಂಡು ಬನ್ನಿ, ಎನ್‌ಎಂಆರ್ ಗ್ರಾಫ್, ಅಂದ್ರೆ ಅಣುವಿನ ರಚನೆ ತೋರ್ಸೋ ಗ್ರಾಫ್, ಓದೋಕೆ ಕಲೀರಿ. ಪ್ಲಾಂಟಿನಲ್ಲಿ ಹಳಬರು ಏನಾದ್ರೂ ಹೇಳಿದ್ರೆ ಕಿವಿಗೊಡಿ, ನನ್ನ ಹೆಪ್ಪುಗಟ್ಟೋ ಸಮಸ್ಯೆ ಬಿಡಿಸಿದ್ದು ಪಿಎಚ್‌ಡಿ ಇದ್ದವರಲ್ಲ.

ಈಗ ನಾನು ಪ್ಯಾರಾಟೈಫಿ ಎ ಮೇಲೆ ಇದೀನಿ. ಟೈಫಾಯ್ಡಿನ ತಂಗಿ ಇದ್ದ ಹಾಗೆ, ಜ್ವರ ಅದೇ, ಆದ್ರೆ ಇದಕ್ಕೆ ವಿಐ ಹೊದಿಕೆ ಇಲ್ಲ, ಹಾಗಾಗಿ ನಮ್ಮ 25 ವರ್ಷದ ಲಸಿಕೆ ಇದಕ್ಕೆ ಹತ್ತಲ್ಲ. ಹೊರಮೈಯಲ್ಲಿ ಕೊಬ್ಬು ಸಕ್ಕರೆ ಸೇರಿರೋ ಎಲ್‌ಪಿಎಸ್‌ನಿಂದ ಓ-2 ಅನ್ನೋ ಸಕ್ಕರೆ ಭಾಗ ಬಿಡಿಸಿ, ಅದಕ್ಕೆ ಅಂಟಿರೋ ಎಂಡೊಟಾಕ್ಸಿನ್ ಕತ್ತರಿಸಿ ತೆಗೆದು, ಮತ್ತೆ ಟೆಟನಸ್ ಟಾಕ್ಸಾಯ್ಡ್‌ಗೆ ಗಂಟು ಹಾಕ್ಬೇಕು. ಈ ಸಕ್ಕರೆ ಮೇಲೂ ಅಸಿಟೈಲ್ ಬಟನ್ ಇವೆ, ಅವು ಹೋದ್ರೆ ಇದೂ ಕೆಲಸಕ್ಕೆ ಬರಲ್ಲ. ಹೋದ ತಿಂಗಳು ಕಲಬುರಗಿಯಿಂದ ಹೊಸದಾಗಿ ಸೇರಿದ ಹುಡುಗಿ ಹೆಸ್ಟ್ರಿನ್ ಟ್ಯೂಬುಗಳ ಸ್ಟ್ಯಾಂಡ್ ಹಿಡ್ಕೊಂಡು ಬಂದ್ಳು, ಮೂರನೇದು ಸ್ವಲ್ಪ ತೆಳು ಕಾಣಸ್ತದ ರೀ ಮೇಡಂ, ಲಿಮಿಟ್ ಒಳಗ ಅದ, ಆದ್ರೂ ಮತ್ತೊಮ್ಮೆ ಮಾಡ್ಲೇನ್ರಿ ಅಂದ್ಳು. ಕಿಟಕಿ ಹತ್ರ ಹೋಗಿ ಇಬ್ರೂ ಬೆಳಕಿಗೆ ಹಿಡಿದು ನೋಡಿದ್ವಿ. ಮಾಡು ಅಂದೆ, ಮೊದಲು ಪಿಎಚ್ ರೆಕಾರ್ಡ್ ತಗೊಂಡು ಬಾ.